ಮಗುವಿನ ಮನಸ್ಸನ್ನು ಅರಿಯೋಣ

ದಂಪತಿಗಳಿಗಾಗಿ ಮನಶ್ಶಾಸ್ತ್ರದ ಮೊದಲ ಪಾಠ

ಪೀಠಿಕೆ

ಮನೆಯಲ್ಲಿ ಮಗು ಹುಟ್ಟಿತೆಂದರೆ ಅದರ ದೇಹಪೋಷಣೆಗೆ ಏನೇನು ಬೇಕೆಂಬುದನ್ನು ನಮ್ಮ ಗ್ರಾಮಗಳ ತಾಯ್ತಂದೆಗಳು ಇಂದು ಚೆನ್ನಾಗಿ ಬಲ್ಲರು. ಹುಟ್ಟಿದ ಮೊದಲ ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ, ಅನಂತರ ಅದರ ಜೊತೆಗೆ ರಾಗಿ ಸರಿ, ಮೆದುವಾದ ಅನ್ನ, ಬೇಳೆ, ಸೊಪ್ಪು, ಕಾಲಕಾಲಕ್ಕೆ ಲಸಿಕೆ, ಇವೆಲ್ಲ ಮನೆಮನೆಯ ಮಾತಾಗಿವೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿ ನೋಡಿ, ತೂಕ ಕಡಿಮೆಯಾಗಿದ್ದರೆ ತಾಯಿಯನ್ನು ಎಚ್ಚರಿಸುತ್ತಾರೆ.

ಆದರೆ ಮಗುವಿಗೆ ದೇಹವಿರುವಂತೆ ಮನಸ್ಸೂ ಇದೆ. ಆ ಮನಸ್ಸಿಗೂ ಹಸಿವುಂಟು, ಬೆಳವಣಿಗೆಯುಂಟು, ನೋವುಂಟು. ಅದನ್ನು ತೂಗಿ ನೋಡುವ ತಕ್ಕಡಿ ಮಾತ್ರ ಯಾವ ಮನೆಯಲ್ಲಿಯೂ ಇಲ್ಲ. ಆದುದರಿಂದಲೇ ದೇಹ ಸೊರಗಿದುದನ್ನು ಕೂಡಲೇ ಕಾಣುವ ನಾವು ಮನಸ್ಸು ಸೊರಗಿದುದನ್ನು ಕಾಣದೆ ಹೋಗುತ್ತೇವೆ. "ಇನ್ನೂ ಕೂಸು, ಅದಕ್ಕೇನು ತಿಳಿಯುತ್ತದೆ?" ಎನ್ನುತ್ತೇವೆ. ಕೂಸಿಗೆ ಬಹಳ ತಿಳಿಯುತ್ತದೆ; ಅದು ಹುಟ್ಟಿದ ದಿನದಿಂದಲೇ ಕಲಿಯುತ್ತಿರುತ್ತದೆ. ಅದಕ್ಕೆ ಕಲಿಸುವವರು ಮನೆಯವರು. ಅವರ ದಿನನಿತ್ಯದ ನಡವಳಿಕೆಯೇ ಪಾಠ. ಇದನ್ನು ಬೇರೆ ಬೇರೆ ದೇಶಗಳ ವಿದ್ವಾಂಸರು ಹೇಗೆ ಕಂಡುಕೊಂಡರು, ಅವರ ಅರಿವಿನಿಂದ ನಮ್ಮ ಮನೆಗಳಿಗೆ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ಗಂಡ ಹೆಂಡತಿ ಇಬ್ಬರೂ ಕೂಡಿ ಇದನ್ನು ಓದತಕ್ಕದ್ದು. ಓದು ಬಾರದವರಿಗೆ ಬಲ್ಲವರು ಓದಿ ಹೇಳಬಹುದು.

ಮನಶ್ಶಾಸ್ತ್ರವೆಂದರೇನು?

ಮನಶ್ಶಾಸ್ತ್ರವೆಂದರೆ ಮತ್ತೊಬ್ಬರ ಮನಸ್ಸಿನಲ್ಲಿರುವುದನ್ನು ಹೇಳುವ ಕಣಿಯಲ್ಲ; ಬುದ್ಧಿಭ್ರಮಣೆಯಾದವರಿಗೆ ಮಾತ್ರ ಸಂಬಂಧಿಸಿದ ವಿದ್ಯೆಯೂ ಅಲ್ಲ. ಮನುಷ್ಯನು ಹೇಗೆ ಕಲಿಯುತ್ತಾನೆ, ನೆನಪಿಡುತ್ತಾನೆ, ಹೆದರುತ್ತಾನೆ, ಪ್ರೀತಿಸುತ್ತಾನೆ ಎಂಬುದನ್ನು ಪರೀಕ್ಷೆಯಿಂದಲೂ ಎಚ್ಚರದ ಅವಲೋಕನದಿಂದಲೂ ತಿಳಿಯುವ ಶಾಸ್ತ್ರವಿದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ವಿದ್ವಾಂಸರು ಇದಕ್ಕಾಗಿ ಪ್ರಯೋಗಶಾಲೆಯೊಂದನ್ನು ತೆರೆದರು. ಅಂದಿನಿಂದ ಇದು ಸ್ವತಂತ್ರ ವಿಜ್ಞಾನವಾಯಿತೆಂದು ಎಣಿಸುತ್ತಾರೆ. ನಮ್ಮ ನಾಡಿನಲ್ಲಿಯೂ ಇದು ಹೊಸತೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗವು ಆರಂಭವಾಗಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ರೇಡಿಯೋ ಪ್ರಸಾರವನ್ನು ಆರಂಭಿಸಿದವರೂ ಅವರೇ.

ದೊಡ್ಡವರ ಮನಸ್ಸಿನ ಬೇರು ಬಾಲ್ಯದಲ್ಲಿದೆ ಎಂಬ ಮಾತಿಗೆ ಲೋಕವು ಕಿವಿಗೊಡುವಂತೆ ಮಾಡಿದವರು ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡ್ (1856-1939). ಅವರ ಹಲವು ಅಭಿಪ್ರಾಯಗಳನ್ನು ಅನಂತರದವರು ಒಪ್ಪಲಿಲ್ಲ. ಆದರೂ ಬಾಲ್ಯವನ್ನು ಹಗುರವಾಗಿ ಕಾಣಬಾರದೆಂಬ ಅವರ ಎಚ್ಚರಿಕೆ ಉಳಿಯಿತು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ನಮ್ಮ ಹಿರಿಯರೂ ಅನ್ನುತ್ತಿದ್ದರಷ್ಟೆ.

1. ಅಪ್ಪುಗೆಯ ಹಸಿವು

"ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಕೆಟ್ಟುಹೋಗುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. ಒಂದು ಕಾಲದಲ್ಲಿ ವಿದ್ವಾಂಸರೂ ಹಾಗೆಯೇ ಹೇಳಿದ್ದುಂಟು. ಅಮೆರಿಕದ ಜಾನ್ ವಾಟ್ಸನ್ ಎಂಬವರು 1928ರಲ್ಲಿ ಶಿಶುಪಾಲನೆಯ ಕುರಿತು ಪುಸ್ತಕ ಬರೆದು, ಮಕ್ಕಳನ್ನು ಅಪ್ಪಿ ಮುದ್ದಾಡಬಾರದು, ತೊಡೆಯ ಮೇಲೆ ಕೂರಿಸಿಕೊಳ್ಳಬಾರದು ಎಂದು ತಾಯಂದಿರಿಗೆ ಉಪದೇಶಿಸಿದರು. ಮಗುವು ತಾಯಿಯನ್ನು ಹಚ್ಚಿಕೊಳ್ಳುವುದು ಅವಳು ಹಾಲು ಕೊಡುವಳೆಂಬ ಕಾರಣದಿಂದ ಮಾತ್ರ ಎಂಬ ನಂಬಿಕೆಯೂ ಆಗ ಬಲವಾಗಿತ್ತು.

ಈ ನಂಬಿಕೆಯನ್ನು ಅಲುಗಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ. ಅವರು ಮಂಗನ ಮರಿಗಳನ್ನು ತಾಯಿಯಿಂದ ಅಗಲಿಸಿ, ಅವುಗಳ ಮುಂದೆ ಎರಡು ಬೊಂಬೆಗಳನ್ನು ಇಟ್ಟರು. ಒಂದು ಬರಿಯ ತಂತಿಯದು; ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಸೀಸೆ ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅದರ ಬಳಿಗೆ ಹೋಗಿ, ಉಳಿದ ಹೊತ್ತಿನಲ್ಲಿ ಬಹುಪಾಲು ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡಿರುತ್ತಿದ್ದವು. ಭಯವಾದಾಗಲೂ ಅದರೆಡೆಗೇ ಓಡುತ್ತಿದ್ದವು. 1958ರಲ್ಲಿ ಹಾರ್ಲೋ ಅವರು ಇದನ್ನು ಪ್ರಕಟಿಸಿ, ಮರಿಗೆ ಹಾಲಿನಷ್ಟೇ ಸ್ಪರ್ಶವೂ ಅಗತ್ಯವೆಂದು ತೋರಿಸಿದರು. ಬೊಂಬೆಯೊಡನೆ ಒಂಟಿಯಾಗಿ ಬೆಳೆದ ಆ ಮರಿಗಳು ದೊಡ್ಡವಾದ ಮೇಲೆ ತಮ್ಮ ಜಾತಿಯವುಗಳೊಡನೆ ಸರಿಯಾಗಿ ಬೆರೆಯಲಾರದೆ ಹೋದವು. ಮೆತ್ತನೆಯ ಬಟ್ಟೆಯೂ ಸಾಲದು, ಓಗೊಡುವ ಜೀವವೇ ಬೇಕು ಎಂಬುದು ಇದರಿಂದ ತಿಳಿಯಿತು.

ಮಾನವ ಶಿಶುಗಳ ವಿಷಯದಲ್ಲಿ ಇದೇ ಮಾತನ್ನು ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ ಹೇಳಿದರು. ಎರಡನೆಯ ಮಹಾಯುದ್ಧದಿಂದ ಮನೆಮಾರು ಕಳೆದುಕೊಂಡ ಮಕ್ಕಳ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿಯು 1951ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಮಗುವನ್ನು ಸೇರಿಸಿದರೆ ತಾಯಿಯು ಜೊತೆಯಲ್ಲಿರುವಂತಿರಲಿಲ್ಲ. ಅವರ ಸಂಗಡಿಗ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಯಲ್ಲಿ ಒಂಟಿಯಾಗಿದ್ದ ಎರಡು ವರ್ಷದ ಹೆಣ್ಣುಮಗುವಿನ ದುಃಖವನ್ನು 1952ರಲ್ಲಿ ಚಲನಚಿತ್ರದಲ್ಲಿ ತೋರಿಸಿದರು. ಅದನ್ನು ನೋಡಿದ ವೈದ್ಯರಲ್ಲಿ ಕೆಲವರು ಸಿಟ್ಟಾದರು, ಕೆಲವರು ಚಿಂತಿಸಿದರು. ಕಡೆಗೆ 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದು ತಾಯ್ತಂದೆಗಳಿಗೆ ಮಗುವನ್ನು ಕಾಣಲು ಧಾರಾಳವಾಗಿ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ನಿಮ್ಮ ಮಗುವನ್ನು ಆಸ್ಪತ್ರೆಗೆ ಸೇರಿಸುವ ಸಂದರ್ಭ ಬಂದರೆ, ಅದಕ್ಕೆ ಹಚ್ಚಿಕೊಂಡವರೊಬ್ಬರು ಜೊತೆಯಲ್ಲಿರುವುದೂ ಔಷಧದಷ್ಟೇ ಅವಶ್ಯವೆಂದು ತಿಳಿಯಿರಿ.

ಬೌಲ್ಬಿಯವರ ವಿಚಾರವನ್ನು ಹಳ್ಳಿಯ ಮನೆಗಳಲ್ಲಿ ಪರೀಕ್ಷಿಸಿದವರು ಮೇರಿ ಐನ್ಸ್‌ವರ್ತ್. ಅವರು 1954-55ರಲ್ಲಿ ಆಫ್ರಿಕದ ಉಗಾಂಡ ದೇಶದ ಗ್ರಾಮಗಳಲ್ಲಿ 26 ಕುಟುಂಬಗಳ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕುಳಿತು, ತಾಯಿ-ಮಕ್ಕಳನ್ನು ಗಮನಿಸಿದರು. ತಾಯಿ ಹತ್ತಿರವಿದ್ದಾಗ ಅಂಬೆಗಾಲಿಡುವ ಮಗು ಧೈರ್ಯವಾಗಿ ಅತ್ತಿತ್ತ ಹರಿದಾಡುತ್ತದೆ, ಸ್ವಲ್ಪ ದೂರ ಹೋಗಿ ಹಿಂದಿರುಗಿ ನೋಡುತ್ತದೆ, ಹೊಸಬರನ್ನು ಕಂಡರೆ ಓಡಿಬಂದು ಸೆರಗು ಹಿಡಿಯುತ್ತದೆ. ಇದು ಹೇಡಿತನದ ಲಕ್ಷಣವಲ್ಲ. ಮಗುವಿನ ಧೈರ್ಯಕ್ಕೆ ತಾಯಿಯೇ ನೆಲೆ ಎಂಬುದರ ಗುರುತು. ಮುಂದೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಕೂಸಿನ ಅಳುವಿಗೆ ಬೇಗನೆ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಯ ವೇಳೆಗೆ ಕಡಿಮೆ ಅಳುತ್ತಿದ್ದುದನ್ನು ಅವರು ಕಂಡರು. ಎತ್ತಿಕೊಂಡುದರಿಂದ ಆ ಮಕ್ಕಳು ಕೆಡಲಿಲ್ಲ. ಎರಿಕ್ ಎರಿಕ್‌ಸನ್ ಎಂಬ ವಿದ್ವಾಂಸರು 1950ರಲ್ಲಿ ಮಾನವ ಜೀವನವನ್ನು ಎಂಟು ಘಟ್ಟಗಳಾಗಿ ವಿಂಗಡಿಸಿ, ಮೊದಲನೆಯ ವರ್ಷದ ಪಾಠಕ್ಕೆ 'ನಂಬಿಕೆ' ಎಂದೇ ಹೆಸರಿಟ್ಟರು. "ನಾನು ಅತ್ತರೆ ಯಾರಾದರೂ ಬರುತ್ತಾರೆ" ಎಂಬುದೇ ಮಗುವು ಲೋಕವನ್ನು ಕುರಿತು ಕಲಿಯುವ ಮೊದಲ ಸತ್ಯ.

ಕೂಲಿಗೋ ಹೊಲಕ್ಕೋ ಹೋಗಲೇಬೇಕಾದ ತಾಯಿಯು ಇದನ್ನು ಓದಿ ಎದೆಗುಂದಬೇಕಾಗಿಲ್ಲ. ಮಗುವು ಒಬ್ಬರನ್ನೇ ಅಲ್ಲ, ಮೂರು ನಾಲ್ಕು ಜನರನ್ನೂ ಹಚ್ಚಿಕೊಳ್ಳಬಲ್ಲದು. ಅಜ್ಜಿ, ತಂದೆ, ಸೋದರತ್ತೆ, ಯಾರೇ ಆಗಲಿ, ದಿನವೂ ಅದೇ ಮುಖ, ಅದೇ ಮಡಿಲು ದೊರೆಯುವಂತಿರಬೇಕು. ಇಂದು ಒಬ್ಬರು, ನಾಳೆ ಮತ್ತೊಬ್ಬರು ಎಂದಾಗಬಾರದು. ತಂದೆಯು ದಿನಕ್ಕೆ ಸ್ವಲ್ಪ ಹೊತ್ತಾದರೂ ಮಗುವನ್ನು ಎತ್ತಿ ಆಡಿಸಿದರೆ ಅದೂ ಈ ಬಾಂಧವ್ಯದ ಭಾಗವೇ.

2. ಭಯವು ಕಲಿತು ಬರುವುದು

ರಷ್ಯಾ ದೇಶದ ಇವಾನ್ ಪಾವ್‌ಲೋವ್ ಜೀರ್ಣಕ್ರಿಯೆಯನ್ನು ಅಭ್ಯಸಿಸಿ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ಆಹಾರವನ್ನು ಕಂಡಾಗ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದು ಸಹಜ. ಆದರೆ ಆಹಾರ ಕೊಡುವ ಮುನ್ನ ಪ್ರತಿಸಲವೂ ಒಂದು ಸದ್ದನ್ನು ಕೇಳಿಸುತ್ತಾ ಬಂದರೆ, ಕೆಲವು ದಿನಗಳ ಮೇಲೆ ಬರಿಯ ಸದ್ದಿಗೇ ಜೊಲ್ಲು ಸುರಿಯುವುದನ್ನು ಅವರು ತೋರಿಸಿದರು. ಜೊತೆಜೊತೆಯಾಗಿ ಬಂದ ಎರಡು ಸಂಗತಿಗಳನ್ನು ಮನಸ್ಸು ಗಂಟುಹಾಕಿಬಿಡುತ್ತದೆ. ಇದಕ್ಕೆ 'ಅನುಬಂಧನ' ಎಂದು ಹೆಸರು. ಸಂಜೆ ಕೊಟ್ಟಿಗೆಯ ಬಳಿ ಹಿಂಡಿಯ ಬಕೆಟ್ಟು ಸದ್ದಾದರೆ ಹಸು ತಲೆಯೆತ್ತುವುದನ್ನು ನೀವೇ ಕಂಡಿದ್ದೀರಿ.

ಭಯವೂ ಹೀಗೆಯೇ ಗಂಟುಬೀಳುವುದೆಂದು ಮೇಲೆ ಹೇಳಿದ ವಾಟ್ಸನ್ ಅವರೇ ತಮ್ಮ ಸಹಾಯಕಿ ರೋಸಲಿ ರೇನರ್ ಅವರೊಡನೆ 1920ರಲ್ಲಿ ತೋರಿಸಿದರು. ಹನ್ನೊಂದು ತಿಂಗಳ ಮಗುವೊಂದು ಬಿಳಿಯ ಇಲಿಯನ್ನು ಕಂಡು ಹೆದರುತ್ತಿರಲಿಲ್ಲ. ಅದು ಇಲಿಯನ್ನು ಮುಟ್ಟಹೋದಾಗಲೆಲ್ಲ ಬೆನ್ನ ಹಿಂದೆ ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಬಡಿದು ಬೆಚ್ಚಿಸಿದರು. ಕೆಲವೇ ಸಲದಲ್ಲಿ ಮಗುವು ಇಲಿಯನ್ನು ಕಂಡರೆ ಸಾಕು, ಅಳತೊಡಗಿತು. ಅಷ್ಟೇ ಅಲ್ಲ, ಮೊಲವನ್ನೂ ತುಪ್ಪುಳಿನ ಅಂಗಿಯನ್ನೂ ಕಂಡು ಅಳತೊಡಗಿತು. ಆ ಭಯವನ್ನು ಹೋಗಲಾಡಿಸುವ ಮೊದಲೇ ಮಗುವು ಅಲ್ಲಿಂದ ಹೊರಟುಹೋಯಿತು. ಇಂತಹ ನಿರ್ದಯ ಪ್ರಯೋಗಕ್ಕೆ ಇಂದು ವಿಜ್ಞಾನಿಗಳ ಧರ್ಮದಲ್ಲಿ ಎಡೆಯಿಲ್ಲ.

ಆದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಊಟ ಮಾಡದಿದ್ದರೆ "ಗುಮ್ಮನಿಗೆ ಕೊಟ್ಟುಬಿಡುತ್ತೇನೆ", ಹಠ ಮಾಡಿದರೆ "ಪೊಲೀಸಿನವನು ಹಿಡಿದುಕೊಂಡು ಹೋಗುತ್ತಾನೆ", ಸುಮ್ಮನಿರದಿದ್ದರೆ "ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ" ಎನ್ನುತ್ತೇವೆ. ಹೀಗೆ ಕತ್ತಲೆಯೊಡನೆ, ಕಾವಲಿನವನೊಡನೆ, ಚಿಕಿತ್ಸೆ ನೀಡುವವರೊಡನೆ ಭಯವನ್ನು ಗಂಟುಹಾಕುತ್ತೇವೆ. ನಾಳೆ ಮಗುವಿಗೆ ಜ್ವರ ಬಂದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ಅದು ಚೀರಾಡಿ ವೈದ್ಯರನ್ನು ಹತ್ತಿರ ಸೇರಿಸದು. ದಾರಿ ತಪ್ಪಿದ ದಿನ ಪೊಲೀಸಿನವರನ್ನು ಕಂಡರೆ ಸಹಾಯ ಕೇಳದೆ ಅಡಗಿಕೊಳ್ಳುತ್ತದೆ. ಗಳಿಗೆಯ ಹಠವನ್ನು ನಿಲ್ಲಿಸಲು ನಾವು ತೆರುವ ಬೆಲೆ ಇಷ್ಟು ದೊಡ್ಡದು.

ಬಂದ ಭಯವನ್ನು ಕಳೆಯುವ ಮಾರ್ಗವೂ ಉಂಟು. ಮೇರಿ ಕವರ್ ಜೋನ್ಸ್ ಎಂಬ ವಿದುಷಿ 1924ರಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಸುಮಾರು ಮೂರು ವರ್ಷದ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದರು. ಭಯವಿಲ್ಲದ ಇತರ ಮಕ್ಕಳು ಮೊಲದೊಡನೆ ಆಡುವುದನ್ನೂ ಅವನು ನೋಡಿದನು. ಕೊನೆಗೆ ಪೀಟರ್ ತಾನೇ ಮೊಲವನ್ನು ಸವರತೊಡಗಿದನು. ನಿಮ್ಮ ಮಗುವಿನ ಭಯವನ್ನೂ ಹೀಗೆ ಮೆಲ್ಲಮೆಲ್ಲನೆ ಬಿಡಿಸಿ. ನೀರಿಗೆ ಹೆದರುವ ಮಗುವನ್ನು ಎತ್ತಿ ಬಾವಿಯ ಮೆಟ್ಟಿಲಿಗೆ ಇಳಿಸಬೇಡಿ. ಲಸಿಕೆಯ ದಿನ "ನೋಯುವುದೇ ಇಲ್ಲ" ಎಂದು ಸುಳ್ಳಾಡದೆ, "ಇರುವೆ ಕಚ್ಚಿದಂತೆ ಆಗುತ್ತದೆ, ನಾನು ಜೊತೆಗಿರುತ್ತೇನೆ" ಎನ್ನಿರಿ. ಮೊಲೆಯುಣ್ಣುವ ಕೂಸಾದರೆ ಲಸಿಕೆಯ ಹೊತ್ತಿನಲ್ಲಿ ಎದೆಹಾಲು ಕುಡಿಸುವುದರಿಂದ ನೋವು ಕಡಿಮೆಯಾಗುತ್ತದೆ.

3. ನಡತೆ ಮತ್ತು ಅದರ ಫಲ

ಸಂತೆಯ ದಿನ ಮಿಠಾಯಿ ಅಂಗಡಿಯ ಮುಂದೆ ನೆಲದ ಮೇಲೆ ಹೊರಳಾಡುವ ಮಗುವನ್ನು ಯಾರು ಕಂಡಿಲ್ಲ? ತಂದೆ ನಾಲ್ಕು ಸಂತೆಗಳಲ್ಲಿ ಗದರಿಸಿ ಎಳೆದೊಯ್ಯುತ್ತಾನೆ. ಐದನೆಯ ಸಂತೆಯಲ್ಲಿ ಜನರ ಮುಂದೆ ನಾಚಿ ಮಿಠಾಯಿ ಕೊಡಿಸುತ್ತಾನೆ. ಮಗುವು ಇದರಿಂದ ಕಲಿತದ್ದೇನು? "ಸಾಕಷ್ಟು ಹೊತ್ತು ಹೊರಳಾಡಿದರೆ ಒಂದು ದಿನ ಸಿಕ್ಕೇ ಸಿಗುತ್ತದೆ" ಎಂಬುದನ್ನು.

ಪ್ರಾಣಿಯಾಗಲಿ ಮನುಷ್ಯನಾಗಲಿ, ತೃಪ್ತಿ ತಂದ ನಡತೆಯನ್ನು ಮತ್ತೆ ಮಾಡುತ್ತಾನೆಂಬ ನಿಯಮವನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಅವರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ 1898ರಲ್ಲಿಯೇ ಕಂಡುಕೊಳ್ಳತೊಡಗಿದ್ದರು. ಅದನ್ನು ವಿಸ್ತರಿಸಿದವರು ಬಿ. ಎಫ್. ಸ್ಕಿನ್ನರ್ (1904-1990). ನಡತೆಯನ್ನು ಬಲಪಡಿಸುವ ಫಲಕ್ಕೆ 'ಪುನರ್ಬಲನ' ಎಂದು ಹೆಸರು. ಸನ್ನೆಯನ್ನು ಒತ್ತಿದಾಗಲೆಲ್ಲ ಕಾಳು ಸಿಗುತ್ತಿದ್ದ ಇಲಿಯು, ಕಾಳು ನಿಂತ ಮೇಲೆ ಬೇಗನೆ ಒತ್ತುವುದನ್ನು ಬಿಡುತ್ತದೆ. ಆದರೆ ಎಂದೋ ಒಮ್ಮೊಮ್ಮೆ ಮಾತ್ರ ಕಾಳು ಪಡೆದ ಇಲಿಯು ಬಹುಕಾಲ ಬಿಡದೆ ಒತ್ತುತ್ತದೆ. ಸಂತೆಯ ಮಗುವಿನ ಹಠ ಬಲಿಯುವುದೂ ಈ ರೀತಿಯಿಂದಲೇ. ಆದುದರಿಂದ ಕೊಡಬೇಕೆಂದಿದ್ದರೆ ಮೊದಲೇ ಕೊಡಿ. ಕೊಡಬಾರದೆಂದಿದ್ದರೆ ಶಾಂತರಾಗಿ, ಪ್ರತಿಸಲವೂ ಕೊಡಬೇಡಿ. ತಂದೆ 'ಇಲ್ಲ' ಎಂದುದಕ್ಕೆ ಅಜ್ಜಿ 'ಹೂಂ' ಎನ್ನದಂತೆ ಮನೆಯವರೆಲ್ಲ ಒಂದೇ ಮಾತಿನಲ್ಲಿರಿ. ಆದರೆ ಇದು ತಿಳಿವಳಿಕೆ ಬಂದ ಮಗುವಿನ ಹಠಕ್ಕೆ ಹೇಳಿದ ಮಾತೇ ಹೊರತು ಕೈಕೂಸಿನ ಅಳುವಿಗಲ್ಲ. ಕೂಸಿಗೆ ಅಳುವೊಂದೇ ಭಾಷೆ, ಅದಕ್ಕೆ ಓಗೊಡಲೇಬೇಕು.

ಹೊಡೆಯುವುದರಿಂದ ಮಗು ತಿದ್ದಿಕೊಳ್ಳುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೊಡೆತಕ್ಕೆ ನಡತೆ ಆ ಗಳಿಗೆಗೆ ಅಡಗುತ್ತದೆ. ಹೊಡೆಯುವವರು ಮರೆಯಾದೊಡನೆ ಮರಳಿ ತಲೆಯೆತ್ತುತ್ತದೆ. ಏನನ್ನು ಮಾಡಬಾರದೆಂದು ಹೊಡೆತ ಹೇಳಬಹುದು, ಏನನ್ನು ಮಾಡಬೇಕೆಂದು ಹೇಳಲಾರದು. ಜೊತೆಗೆ ಪಾವ್‌ಲೋವರ ನಿಯಮದಂತೆ, ಹೊಡೆಯುವವರ ಮುಖದೊಡನೆಯೇ ಭಯ ಗಂಟುಬೀಳುತ್ತದೆ. ಮಗುವು ಸುಳ್ಳು ಹೇಳಲು ಕಲಿಯುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ನೀಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. ಶಾಲೆಗೆ ಸಲ್ಲದ್ದು ಮನೆಗೆ ಹೇಗೆ ಸಂದೀತು? ಮಗು ಒಳ್ಳೆಯದನ್ನು ಮಾಡಿದಾಗ ಗಮನಿಸಿ ಒಂದು ಮೆಚ್ಚುಗೆಯ ಮಾತನ್ನಾಡುವುದು ಖರ್ಚಿಲ್ಲದ ಪುನರ್ಬಲನ. "ತಂಗಿಗೆ ನೀನೇ ನೀರು ಕೊಟ್ಟೆಯಲ್ಲ, ಜಾಣ" ಎಂಬ ಮಾತು ಮಿಠಾಯಿಗಿಂತ ಹೆಚ್ಚು ಕಾಲ ರುಚಿಸುತ್ತದೆ.

4. ನೋಡಿ ಕಲಿಯುವುದು

ಫಲ ದೊರೆಯದಿದ್ದರೂ, ಯಾರೂ ಕಲಿಸದಿದ್ದರೂ, ಮಗುವು ಬರಿದೆ ನೋಡಿಯೇ ಬಹಳಷ್ಟನ್ನು ಕಲಿಯುತ್ತದೆ. ಇದನ್ನು ಸ್ಪಷ್ಟಪಡಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬಂಡೂರ (1925-2021). 1961ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಶಿಶುವಿಹಾರದ 72 ಮಕ್ಕಳಿದ್ದರು. ಕೆಲವರ ಮುಂದೆ ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿದರು, ಒದೆದರು, ಬೈದರು. ಇನ್ನು ಕೆಲವರ ಮುಂದೆ ದೊಡ್ಡವರು ಶಾಂತವಾಗಿ ಆಡಿಕೊಂಡಿದ್ದರು. ಅನಂತರ ಮಕ್ಕಳನ್ನು ಆ ಬೊಂಬೆಯ ಬಳಿ ಬಿಟ್ಟಾಗ, ಗುದ್ದಿದ್ದನ್ನು ನೋಡಿದವರು ಅದೇ ರೀತಿಯ ಗುದ್ದನ್ನೂ ಬೈಗುಳನ್ನೂ ಪ್ರಯೋಗಿಸಿದರು. ಶಾಂತತೆಯನ್ನು ನೋಡಿದವರಲ್ಲಿ ಅದು ಬಹಳ ಕಡಿಮೆಯಾಗಿತ್ತು.

ಗಂಡನು ಕುಡಿದು ಬಂದು ಹೆಂಡತಿಯ ಮೇಲೆ ಕೈಯೆತ್ತುವ ಮನೆಯಲ್ಲಿ ಮೂಲೆಯಲ್ಲಿ ಕುಳಿತ ಮಗುವಿಗೆ ಯಾರೂ ಏನನ್ನೂ ಹೇಳಿಕೊಡುತ್ತಿಲ್ಲ. ಆದರೂ ಅದು ಕಲಿಯುತ್ತಿದೆ. ಬಲವಿದ್ದವನು ಹೊಡೆಯಬಹುದೆಂದು ಮಗನು ಕಲಿಯುತ್ತಾನೆ. ಹೊಡೆತವನ್ನು ಸಹಿಸಬೇಕೆಂದು ಮಗಳು ಕಲಿಯುತ್ತಾಳೆ. ಇದಕ್ಕೆ ಬದಲಾಗಿ ತಂದೆಯು ನೀರು ಸೇದಿ ತರುವುದನ್ನೂ, ಭಿನ್ನಾಭಿಪ್ರಾಯ ಬಂದಾಗ ದಂಪತಿಗಳು ಕುಳಿತು ಮಾತನಾಡಿ ತೀರ್ಮಾನಿಸುವುದನ್ನೂ ಕಂಡ ಮಗು ಅದನ್ನೇ ಬಾಳಿನ ರೀತಿಯೆಂದು ತಿಳಿಯುತ್ತದೆ. ಮಗುವಿಗೆ ಹೇಳುವ ನೂರು ಬುದ್ಧಿಮಾತಿಗಿಂತ ಅದರ ಕಣ್ಣ ಮುಂದೆ ನಡೆಯುವ ಒಂದು ನಡತೆ ಬಲವಾದುದು.

5. ಮಗುವಿನ ಯೋಚನೆಯ ರೀತಿ

ಮಗುವು ಚಿಕ್ಕ ಗಾತ್ರದ ದೊಡ್ಡವರಲ್ಲ. ಅದರ ಯೋಚನೆಯ ರೀತಿಯೇ ಬೇರೆ ಎಂದು ತೋರಿಸಿದವರು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896-1980). ತಮ್ಮ ಮೂವರು ಮಕ್ಕಳನ್ನೇ ದಿನದಿನವೂ ಗಮನಿಸಿ ಅವರು ಹಲವು ಸಂಗತಿಗಳನ್ನು ಬರೆದಿಟ್ಟರು. ಅವುಗಳಲ್ಲಿ ಎರಡನ್ನು ನೀವೇ ಮನೆಯಲ್ಲಿ ಪರೀಕ್ಷಿಸಬಹುದು.

ಐದು ತಿಂಗಳ ಕೂಸಿನ ಕಣ್ಣ ಮುಂದೆಯೇ ಗಿಲಕಿಯನ್ನು ಬಟ್ಟೆಯಿಂದ ಮುಚ್ಚಿರಿ; ಅದು ಸಾಮಾನ್ಯವಾಗಿ ಹುಡುಕುವುದಿಲ್ಲ. ಎಂಟು ಒಂಬತ್ತು ತಿಂಗಳ ಮಗು ಬಟ್ಟೆಯನ್ನು ಸರಿಸಿ ತೆಗೆಯುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆಂಬ ಅರಿವು ಬಲಿಯುವ ಕಾಲವದು. ಕೂಸುಗಳಿಗೆ ಇದು ಇನ್ನೂ ಮುಂಚೆಯೇ ಸ್ವಲ್ಪಮಟ್ಟಿಗೆ ತಿಳಿದಿರುತ್ತದೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ತಾಯಿ ಮರೆಯಾದರೆ ಮಗು ಹೆಚ್ಚಾಗಿ ಅಳತೊಡಗುವುದೂ ಇದೇ ಕಾಲಕ್ಕೆ. ಅವಳು ಎಲ್ಲಿಯೋ ಇದ್ದಾಳೆಂದು ಅದಕ್ಕೆ ತಿಳಿದಿದೆ.

ಎರಡನೆಯ ಪರೀಕ್ಷೆ ಹೀಗಿದೆ. ಐದು ವರ್ಷದ ಮಗುವಿನ ಮುಂದೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿರಿ. ಒಂದರ ನೀರನ್ನು ಎತ್ತರವಾದ ಕಿರಿದಾದ ಪಾತ್ರೆಗೆ ಸುರಿದು, ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿರಿ. "ಎತ್ತರದ್ದರಲ್ಲಿ" ಎನ್ನುವ ಮಕ್ಕಳೇ ಹೆಚ್ಚು. ಏಳು ಎಂಟು ವರ್ಷದ ಹೊತ್ತಿಗೆ ಮಗುವು "ಎರಡೂ ಒಂದೇ" ಎಂದು ನಗುತ್ತದೆ. ಆದುದರಿಂದ ಅಗಲವಾದ ಬಟ್ಟಲಿನ ಪಾಯಸ ತನಗೆ ಕಡಿಮೆಯಾಯಿತೆಂದು ಅಳುವ ಐದು ವರ್ಷದ ಮಗುವು ಮೊಂಡನಲ್ಲ. ಅದರ ಕಣ್ಣಿಗೆ ನಿಜವಾಗಿಯೂ ಕಡಿಮೆಯಾಗಿಯೇ ಕಾಣುತ್ತಿದೆ. ಅದನ್ನು ಗದರಿಸದೆ ಒಂದೇ ರೀತಿಯ ಬಟ್ಟಲುಗಳಲ್ಲಿ ಬಡಿಸಿದರಾಯಿತು.

ರಷ್ಯಾದ ಲೆವ್ ವೈಗೋಟ್‌ಸ್ಕಿ (1896-1934) ಮತ್ತೊಂದು ಮಾತನ್ನು ಸೇರಿಸಿದರು. ಮಗುವು ತಾನೊಬ್ಬನೇ ಮಾಡಲಾರದ ಕೆಲಸವನ್ನು ಬಲ್ಲವರ ಸ್ವಲ್ಪ ನೆರವಿನಿಂದ ಮಾಡಬಲ್ಲದು; ಕಲಿಕೆ ನಡೆಯುವುದು ಆ ಎಡೆಯಲ್ಲಿಯೇ. ಹುಣಸೆಬೀಜಗಳನ್ನು ಐದರವರೆಗೆ ಎಣಿಸಬಲ್ಲ ಮಗುವಿಗೆ ಆರನೆಯದನ್ನು ನೀವು ಎಣಿಸಿ ತೋರಿಸಿ, ಏಳನೆಯದನ್ನು ಅದಕ್ಕೆ ಬಿಡಿ. ಎಲ್ಲವನ್ನೂ ನೀವೇ ಮಾಡಿಕೊಟ್ಟರೂ ಕಲಿಯದು, ನೂರರವರೆಗೆ ಎಣಿಸೆಂದು ಒಮ್ಮೆಗೇ ಹೇರಿದರೂ ಕಲಿಯದು.

6. ಆಟವೂ ಆಹಾರವೇ

"ಹೊಟ್ಟೆಗೇ ಸಾಲದಿರುವಾಗ ಆಟವೆಲ್ಲಿಯದು?" ಎಂದು ಬಡ ದಂಪತಿಗಳು ಕೇಳಬಹುದು. ಈ ಪ್ರಶ್ನೆಗೆ ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಿಂದ ಉತ್ತರ ಬಂದಿದೆ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ಪೋಷಣೆ ಸಾಲದೆ ಕುಳ್ಳಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಅವರ ವಯಸ್ಸು 9ರಿಂದ 24 ತಿಂಗಳು. ಒಂದು ಗುಂಪಿಗೆ ಎರಡು ವರ್ಷ ಪೌಷ್ಟಿಕ ಹಾಲಿನ ಪುಡಿ ದೊರೆಯಿತು. ಇನ್ನೊಂದು ಗುಂಪಿನ ಮನೆಗಳಿಗೆ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕಾಲ, ಮನೆಯಲ್ಲೇ ಮಾಡಬಹುದಾದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನು ತಾಯಿಗೆ ತೋರಿಸಿಕೊಟ್ಟರು. ಮೂರನೆಯ ಗುಂಪಿಗೆ ಎರಡೂ ದೊರೆತವು. ನಾಲ್ಕನೆಯದಕ್ಕೆ ಎರಡೂ ಇರಲಿಲ್ಲ.

1991ರಲ್ಲಿ ಪ್ರಕಟವಾದ ಫಲಿತಾಂಶವು ಲೋಕದ ಕಣ್ಣು ತೆರೆಸಿತು. ಹಾಲಿನಿಂದಲೂ ಬುದ್ಧಿಯ ಬೆಳವಣಿಗೆಗೆ ಲಾಭವಾಯಿತು, ಆಟದಿಂದಲೂ ಆಯಿತು. ಎರಡೂ ದೊರೆತವರಿಗೆ ಎಲ್ಲರಿಗಿಂತ ಹೆಚ್ಚಿನ ಲಾಭವಾಯಿತು. ಮುಂದೆ 20 ವರ್ಷಗಳ ಬಳಿಕ ಅದೇ ಮಕ್ಕಳನ್ನು ಹುಡುಕಿ ವಿಚಾರಿಸಿದಾಗ, ಬಾಲ್ಯದಲ್ಲಿ ಆಟದ ನೆರವು ಪಡೆದವರ ಸಂಪಾದನೆಯು ಪಡೆಯದವರದಕ್ಕಿಂತ ಸುಮಾರು ಶೇಕಡ 25ರಷ್ಟು ಹೆಚ್ಚಾಗಿದ್ದುದು ಕಂಡುಬಂದು, 2014ರಲ್ಲಿ ಅದೂ ಪ್ರಕಟವಾಯಿತು. ವಾರಕ್ಕೊಂದು ಗಂಟೆಯ ಪಾಠ ಮತ್ತು ತಾಯಿಯ ದಿನದಿನದ ಆಟ, ಇವು ಒಂದು ಜೀವಮಾನದ ದುಡಿಮೆಯನ್ನೇ ಬದಲಿಸಿದುವು.

ನಮ್ಮ ರಾಜ್ಯದಲ್ಲಿ ಅಂಗನವಾಡಿಗಳು ಮೊದಲು ಬಂದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಅಲ್ಲಿ ಊಟದ ಜೊತೆಗೆ ಹಾಡು, ಕಥೆ, ಆಟಗಳನ್ನು ಇಟ್ಟಿರುವುದು ಹೊತ್ತು ಕಳೆಯುವುದಕ್ಕಲ್ಲ. ಮನೆಯಲ್ಲಿಯೂ ಖಾಲಿ ಡಬ್ಬಿಗೆ ಕಾಳು ಹಾಕಿ ಬಿಗಿಯಾಗಿ ಮುಚ್ಚಿದರೆ ಗಿಲಕಿಯಾಗುತ್ತದೆ. ಹಳೆಯ ಬಟ್ಟೆ ಬೊಂಬೆಯಾಗುತ್ತದೆ. ರೊಟ್ಟಿ ತಟ್ಟುವಾಗ, ಎತ್ತು ಮೈತೊಳೆಯುವಾಗ, ಸೊಪ್ಪು ಬಿಡಿಸುವಾಗ ಮಗುವಿನೊಡನೆ ಮಾತನಾಡುತ್ತಿರಿ. ಅದು ತೊದಲಿದರೆ ಉತ್ತರ ಕೊಡಿ. ಮೊಬೈಲ್ ಫೋನನ್ನು ಕೈಗಿತ್ತು ಸುಮ್ಮನಿರಿಸಿದರೆ ಮಗುವಿಗೆ ದೃಶ್ಯ ಸಿಗುತ್ತದೆ, ಮರುಮಾತು ಸಿಗುವುದಿಲ್ಲ.

ಆರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಆಡದಿದ್ದರೆ, "ನಿಧಾನವಾಗಿ ಬರುತ್ತದೆ" ಎಂದು ಕಾಯದೆ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.

7. ತಾಯಿಯ ಮನಸ್ಸಿಗೂ ಆರೈಕೆ ಬೇಕು

ಇಷ್ಟನ್ನೆಲ್ಲ ಮಾಡಬೇಕಾದ ತಾಯಿಯ ಮನಸ್ಸೇ ಕುಗ್ಗಿದ್ದರೆ? ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕ ಬಾಣಂತಿಯರಲ್ಲಿ ಉಂಟು. ಅದು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿ ಮಾಯವಾಗುತ್ತದೆ. ಎರಡು ವಾರ ಕಳೆದರೂ ದುಃಖ ಹೋಗದೆ, ಮಗು ಮಲಗಿದಾಗಲೂ ನಿದ್ರೆ ಬಾರದೆ, ಮಗುವಿನ ಮೇಲೆ ಅಕ್ಕರೆ ಹುಟ್ಟದೆ, "ನಾನು ಯಾವುದಕ್ಕೂ ಬಾರದವಳು" ಎನಿಸುತ್ತಿದ್ದರೆ ಅದು ಖಿನ್ನತೆಯೆಂಬ ಕಾಯಿಲೆ. ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ, ಚಿಕಿತ್ಸೆಯಿಂದ ಗುಣವಾಗುವಂತಹುದು. ತಾಯಿಯು ತನ್ನ ಅಥವಾ ಮಗುವಿನ ಪ್ರಾಣ ತೆಗೆಯುವ ಮಾತನ್ನಾಡಿದರೆ, ಇಲ್ಲವೆ ಜನರು ಬಾಣಂತಿ ಸನ್ನಿ ಎನ್ನುವಂತೆ ಮೈಮರೆತು ಅಸಂಬದ್ಧವಾಗಿ ಮಾತನಾಡಿದರೆ, ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಲ್ಲಿ ಗಂಡನ ಹೊಣೆ ದೊಡ್ಡದು. ರಾತ್ರಿ ಒಂದು ಹೊತ್ತು ಮಗುವನ್ನು ತಾನು ನೋಡಿಕೊಂಡು ಹೆಂಡತಿಗೆ ನಿದ್ರೆ ಮಾಡಗೊಡುವುದೂ ಚಿಕಿತ್ಸೆಯೇ. ಹೆಣ್ಣು ಹುಟ್ಟಿತೆಂದು ಬಾಣಂತಿಯನ್ನು ಯಾರಾದರೂ ಮೂದಲಿಸಿದರೆ ಗಂಡನು ತಡೆಯಬೇಕು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುವುದೇ ಹೊರತು ತಾಯಿಯಿಂದಲ್ಲ.

ಮನಸ್ಸಿನ ಕಾಯಿಲೆಗೆ ದೂರದ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಹಳ್ಳಿಯ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ-ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯೂ ದಾರಿ ತೋರಿಸುವರು.

ನೆನಪಿನಲ್ಲಿಡತಕ್ಕ ಅಂಶಗಳು

1. ಕೈಕೂಸಿನ ಅಳುವಿಗೆ ಓಗೊಡಿ. ಎತ್ತಿಕೊಂಡರೆ ಮಗು ಕೆಡುವುದಿಲ್ಲ.
2. ಗುಮ್ಮ, ಪೊಲೀಸು, ಸೂಜಿ ಎಂದು ಹೆದರಿಸಬೇಡಿ. ಬಂದ ಭಯವನ್ನು ಮೆಲ್ಲನೆ ಬಿಡಿಸಿ.
3. ಹಠಕ್ಕೆ ಒಮ್ಮೆ ಮಣಿದು ಒಮ್ಮೆ ಹೊಡೆಯಬೇಡಿ. ಮನೆಯವರೆಲ್ಲ ಒಂದೇ ಮಾತಿನಲ್ಲಿರಿ. ಒಳ್ಳೆಯ ನಡತೆಯನ್ನು ಮೆಚ್ಚಿರಿ.
4. ನಿಮ್ಮ ನಡತೆಯೇ ಮಗುವಿನ ಪಾಠ.
5. ವಯಸ್ಸಿಗೆ ಮೀರಿದುದನ್ನು ನಿರೀಕ್ಷಿಸಬೇಡಿ. ಎಟುಕುವುದಕ್ಕಿಂತ ಒಂದು ಮೆಟ್ಟಿಲು ಮೇಲಿನದಕ್ಕೆ ಕೈಹಿಡಿದು ನಡೆಸಿ.
6. ಊಟದೊಡನೆ ಆಟವನ್ನೂ ಮಾತನ್ನೂ ಉಣಿಸಿ.
7. ತಾಯಿಯ ಮನಸ್ಸು ಕುಗ್ಗಿದರೆ ಮರೆಮಾಚದೆ ನೆರವು ಪಡೆಯಿರಿ.

ದಂಪತಿಗಳು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮಗುವು ಹೆದರಿದಾಗ ಯಾರ ಬಳಿಗೆ ಓಡುತ್ತದೆ? ಅವರು ಇಲ್ಲದಾಗ ಮತ್ತಾರಿದ್ದಾರೆ?
2. ಮಗುವನ್ನು ಸುಮ್ಮನಿರಿಸಲು ನಾವು ಯಾವ ಯಾವ ಹೆಸರು ಹೇಳಿ ಹೆದರಿಸುತ್ತೇವೆ? ಅವಕ್ಕೆ ಬದಲಾಗಿ ಏನು ಹೇಳಬಹುದು?
3. ಕಳೆದ ವಾರ ನಮ್ಮಿಬ್ಬರಲ್ಲಿ ಜಗಳವಾದಾಗ ಮಗು ಎಲ್ಲಿತ್ತು? ಅದು ಏನನ್ನು ಕಂಡಿತು?
4. ನಾಳೆಯಿಂದ ತಂದೆಯು ಮಗುವಿನೊಡನೆ ಆಡಲು ದಿನದ ಯಾವ ಹೊತ್ತನ್ನು ಮೀಸಲಿಡಬಲ್ಲನು?